ಗಾಡಿಯ ಡಿಜಿಟಲ್ ಡ್ಯಾಶ್‌ನಲ್ಲಿ ಸೆನ್ಸರ್ ಹೊಂದಿಸಿ, ಕೂಗಬೇಕಾದಾಗ ಮಾತ್ರ ಕೂಗುವ ಅಲಾರಂ ಇಡುವುದು ಹೇಗೆ

ಕಾರಿನ ಮೂಲ ಮೀಟರಿನಲ್ಲಿ ಎಂಜಿನ್ ಬಿಸಿಯ ಮುಳ್ಳು ಸದಾ ನಡುಮಧ್ಯಕ್ಕೆ ನಿಂತಿರುತ್ತದೆ, ನೋಡಿದವರಿಗೆ ಸಮಾಧಾನ. ಅಸಲು ಬಿಸಿ ಹತ್ತಿಪ್ಪತ್ತು ಡಿಗ್ರಿ ಆಚೀಚೆಯಾದರೂ ಅಲುಗದಂತೆ ಅನೇಕ ಕಾರುಗಳಲ್ಲಿ ಕಂಪನಿಯವರೇ ಅದನ್ನು ಕಟ್ಟಿಹಾಕಿರುತ್ತಾರೆ. ಈಚಿನ ಸಣ್ಣ ಕಾರುಗಳಲ್ಲಂತೂ ಮುಳ್ಳೇ ಇಲ್ಲ. ತಣ್ಣಗಿದ್ದರೆ ನೀಲಿ ದೀಪ, ಕೈಮೀರಿದ ಮೇಲೆ ಕೆಂಪು ದೀಪ. ನಡುವೆ ಏನಾಯಿತು ಎಂದು ತಿಳಿಯಬೇಕಾದರೆ ನಾವೇ ಒಂದು ಡ್ಯಾಶ್, ಅಂದರೆ ಅಂಕಿ ತೋರಿಸುವ ಪರದೆ, ಕಟ್ಟಿಕೊಳ್ಳಬೇಕು.

ಕಟ್ಟುವುದು ಕಷ್ಟವಲ್ಲ. ಹಳೆಯ ಆಂಡ್ರಾಯ್ಡ್ ಫೋನೋ ಟ್ಯಾಬ್ಲೆಟ್ಟೋ, ಒಬಿಡಿ ಅಡಾಪ್ಟರ್ (ಗಾಡಿಯ ತಪಾಸಣೆ ಸಾಕೆಟ್ಟಿಗೆ ಸಿಕ್ಕಿಸಿ ಅಂಕಿಯನ್ನು ಫೋನಿಗೆ ಕಳಿಸುವ ಸಾಧನ), ಟಾರ್ಕ್ ಅಥವಾ ರಿಯಲ್‌ಡ್ಯಾಶ್‌ನಂಥ ಆ್ಯಪ್ ಇದ್ದರೆ ಅರ್ಧ ಗಂಟೆಯಲ್ಲಿ ಪರದೆಯ ಮೇಲೆ ಅಂಕಿ ಓಡಾಡುತ್ತವೆ. ಕಷ್ಟ ಇರುವುದು ಆಮೇಲೆ: ಆ ಅಂಕಿ ನಿಜವೋ ಸುಳ್ಳೋ ಎಂದು ಪರೀಕ್ಷಿಸುವುದರಲ್ಲಿ, ಮತ್ತು ಅಲಾರಂ ಯಾವಾಗ ಬಾಯಿಬಿಡಬೇಕೆಂದು ತೀರ್ಮಾನಿಸುವುದರಲ್ಲಿ. ಆ್ಯಪ್‌ನಿಂದ ಆ್ಯಪ್‌ಗೆ ಮೆನುವಿನ ಹೆಸರು ಬೇರೆ. ರೇಸಿಂಗ್ ಕಾರಿಗೆ ಹಾಕುವ ದುಬಾರಿ ಡ್ಯಾಶ್‌ಗಳಲ್ಲಿ ಇನ್ನೂ ಬೇರೆ. ಮಾಡಬೇಕಾದ ಕೆಲಸ ಮಾತ್ರ ಎಲ್ಲ ಕಡೆಯೂ ಒಂದೇ.

ಜೋಡಣೆ

ನಮ್ಮಲ್ಲಿ 2013ರ ಏಪ್ರಿಲ್‌ನಿಂದ ಕಾರುಗಳಿಗೆ ಒಬಿಡಿ-2 ಕಡ್ಡಾಯವಾಯಿತು. ಅದರ ಈಚಿನ ಗಾಡಿಯಾದರೆ ಸ್ಟೀರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಸಿಗುತ್ತದೆ. ಅದರ 16ನೇ ಪಿನ್ ನೇರ ಬ್ಯಾಟರಿಯ ಪ್ಲಸ್, 4 ಮತ್ತು 5 ಅರ್ಥ್, 6 ಮತ್ತು 14 ಕ್ಯಾನ್ ಬಸ್ (ಈಗಿನ ಗಾಡಿಗಳ ಡೇಟಾ ಸಾಗುವ) ತಂತಿಗಳು, 7 ಅದೇ ಕೆಲಸದ ಹಳೆಯ, ನಿಧಾನದ ಕೆ-ಲೈನ್. 16ನೇ ಪಿನ್ನಿಗೆ ಕೀ ತೆಗೆದ ಮೇಲೂ ಕರೆಂಟು ಇರುತ್ತದೆ. ಅಡಾಪ್ಟರನ್ನು ಅಲ್ಲೇ ಬಿಟ್ಟು ವಾರಗಟ್ಟಲೆ ಗಾಡಿ ನಿಲ್ಲಿಸಿದರೆ ಬ್ಯಾಟರಿ ಇಳಿಯುತ್ತದೆ. ಗಾಡಿ ಎತ್ತದ ದಿನಗಳಲ್ಲಿ ಕಿತ್ತಿಡಿ.

ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಅಡಾಪ್ಟರುಗಳಲ್ಲಿ ಬಹುಪಾಲು ಇಎಲ್‌ಎಂ327 ಎಂಬ ಚಿಪ್ಪಿನ ನಕಲು. ಕೂಲಂಟ್ ಬಿಸಿ, ಆರ್‌ಪಿಎಂ ಓದಲು ನಕಲೂ ಸಾಕು. ಕಂಪನಿಗಳ ಸ್ವಂತ ಕೋಡುಗಳನ್ನು ಓದುವ ಹೊತ್ತಿಗೆ ಕೆಲವು ನಕಲುಗಳು ಕೈಕೊಡುತ್ತವೆ. ಐಫೋನ್ ಇರುವವರು ವೈಫೈ ಅಥವಾ ಬ್ಲೂಟೂತ್ ಎಲ್‌ಇ ಇರುವ ಅಡಾಪ್ಟರನ್ನೇ ಕೇಳಿ ತೆಗೆದುಕೊಳ್ಳಿ.

ಪರದೆಯನ್ನು ಎಡ ಸೀಟಿನ ಏರ್‌ಬ್ಯಾಗ್ ಮುಚ್ಚಳದ ಮೇಲೆ ಅಂಟಿಸಬೇಡಿ. ಗಾಜಿನಡಿ ನೇರ ಬಿಸಿಲಿಗೂ ಇಡಬೇಡಿ. ಏಪ್ರಿಲ್ ಮಧ್ಯಾಹ್ನ ರಾಯಚೂರಿನಲ್ಲಿ ಎಂಜಿನ್‌ಗಿಂತ ಮೊದಲು ಟ್ಯಾಬ್ಲೆಟ್ಟೇ ಬಿಸಿಯಾಗಿ ಆಫ್ ಆಗುತ್ತದೆ. ಸೆಟ್ಟಿಂಗ್ ಏನೇ ಇದ್ದರೂ ಗಾಡಿ ನಿಲ್ಲಿಸಿ ಮಾಡಿ. ಓಡಿಸುತ್ತಾ ಫೋನನ್ನು ಕೈಯಲ್ಲಿ ಹಿಡಿಯುವುದು ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ನಿನಡಿ ಬರುತ್ತದೆ.

ಇಸಿಯು ಕೊಡುವ ಅಂಕಿಯನ್ನು ವೇರಿಯಬಲ್ ಮಾಡುವುದು

ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿಗೆ, ನಾವು ಒಂದು ಸಂಖ್ಯೆ ಕಳಿಸುತ್ತೇವೆ, ಅದು ಉತ್ತರ ಕೊಡುತ್ತದೆ. ಆ ಸಂಖ್ಯೆಗೆ ಪಿಐಡಿ ಎನ್ನುತ್ತಾರೆ. ಮೋಡ್ 01ರಲ್ಲಿ (ಮೋಡ್ ಎಂದರೆ ಪ್ರಶ್ನೆಯ ಬಗೆ; 01 ಈ ಕ್ಷಣದ ಅಂಕಿ ಕೇಳುವುದು) ಕೂಲಂಟ್ ಬಿಸಿ 05, ಎಂಜಿನ್ ಹೊರೆ 04, ಒಳಹೋಗುವ ಗಾಳಿಯ ಪ್ರಮಾಣ 10, ಥ್ರಾಟಲ್ 11, ಹೊರಗಿನ ವಾಯುಭಾರ 33, ಇಸಿಯುಗೆ ತಲುಪುವ ವೋಲ್ಟೇಜು 42, ಹೊರಗಿನ ಬಿಸಿ 46. ಇವು ಜಗತ್ತಿಗೆಲ್ಲ ಒಂದೇ. ಆದರೆ ಎಲ್ಲ ಗಾಡಿಯೂ ಎಲ್ಲದಕ್ಕೂ ಉತ್ತರಿಸಬೇಕೆಂದಿಲ್ಲ. ಪಿಐಡಿ 00 ಕೇಳಿದರೆ ಮೊದಲ 32ರಲ್ಲಿ ಯಾವುವು ಇವೆ ಎಂದು ಇಸಿಯುವೇ ಹೇಳುತ್ತದೆ; ಮುಂದಿನ ಕಂತುಗಳಿಗೆ 20, 40 ಹೀಗೆ (ಪಿಐಡಿಗಳೆಲ್ಲ ಹದಿನಾರರ ಲೆಕ್ಕದವು, ಅಲ್ಲಿ 20 ಎಂದರೆ ನಮ್ಮ 32). ಆ್ಯಪ್‌ಗಳು ಇದನ್ನು ತಾವೇ ಕೇಳಿ ಪಟ್ಟಿ ತೋರಿಸುತ್ತವೆ. ಪಟ್ಟಿಯಲ್ಲಿ ಇಲ್ಲದ್ದನ್ನು ಪರದೆಗೆ ಹಾಕಿದರೆ ಖಾಲಿ ಡಬ್ಬಿ ಕಾಣುತ್ತದೆ ಅಷ್ಟೆ.

ಹೊಸ ವೇರಿಯಬಲ್ (ಪರದೆಗೆ ಬರುವ ಒಂದೊಂದು ಅಳತೆ) ಸೇರಿಸುವಾಗ ಆ್ಯಪ್ ಇಷ್ಟನ್ನು ಕೇಳುತ್ತದೆ: ಮೋಡ್ ಮತ್ತು ಪಿಐಡಿ, ಉದ್ದ ಹೆಸರು, ಗಿಡ್ಡ ಹೆಸರು, ಕನಿಷ್ಠ, ಗರಿಷ್ಠ, ಏಕಮಾನ, ಸೂತ್ರ. ಸೂತ್ರದಲ್ಲಿ ಮೊದಲ ಬೈಟಿಗೆ ‘ಎ’, ಎರಡನೆಯದಕ್ಕೆ ‘ಬಿ’ ಎಂಬ ರೂಢಿ. ಕೂಲಂಟ್ ಬಿಸಿಗೆ ಸೂತ್ರ ‘ಎ − 40’. ವೋಲ್ಟೇಜಿಗೆ ‘(256 × ಎ + ಬಿ) ÷ 1000’. ಆರ್‌ಪಿಎಂ ಕೂಡ ಎರಡು ಬೈಟು, ಕೊನೆಗೆ 4ರಿಂದ ಭಾಗಿಸಬೇಕು.

ಒಂದನ್ನು ಕೈಯಲ್ಲೇ ಬಿಡಿಸಿ ನೋಡಿ, ಆಮೇಲೆ ಗೊಂದಲವಾಗುವುದಿಲ್ಲ. 01 05 ಎಂದು ಕೇಳಿದಾಗ ಉತ್ತರ 41 05 83 ಎಂದು ಬಂತು ಅಂದುಕೊಳ್ಳಿ. 41 ಎಂದರೆ ‘ಮೋಡ್ 01ರ ಉತ್ತರ’, 05 ನಾವು ಕೇಳಿದ ಪಿಐಡಿ, ಉಳಿದ 83 ಬಿಸಿ. ಅವಸರದಲ್ಲಿ ಅದನ್ನೇ 83 ಡಿಗ್ರಿ ಎಂದು ಓದಿಬಿಡುವವರಿದ್ದಾರೆ. ಅದು ಹದಿನಾರರ ಲೆಕ್ಕ: 8 × 16 + 3 = 131. ಅದರಲ್ಲಿ 40 ಕಳೆದರೆ 91 ಡಿಗ್ರಿ. ಹಾಗೆಯೇ 41 42 36 88 ಬಂದರೆ 36 ಎಂದರೆ 54, 88 ಎಂದರೆ 136; 256 × 54 + 136 = 13,960, ಅಂದರೆ 13.96 ವೋಲ್ಟ್. ಆಲ್ಟರ್ನೇಟರ್ ಸರಿಯಾಗಿ ಚಾರ್ಜ್ ಮಾಡುತ್ತಿದೆ.

ಕೂಲಂಟ್ −40 ಡಿಗ್ರಿ ತೋರಿಸಿದರೆ ಬೈಟು ಸೊನ್ನೆ ಬಂದಿದೆ ಎಂದರ್ಥ. ಸೆನ್ಸರಿನ ತಂತಿ ಎಲ್ಲೋ ಕಡಿದಿರಬೇಕು. ಕರ್ನಾಟಕದಲ್ಲಿ ಯಾವ ಚಳಿಗಾಲಕ್ಕೂ ಆ ಅಂಕಿ ಬರುವುದಿಲ್ಲ.

ಡಿಪಿಎಫ್ (ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಮಸಿ, ಗೇರ್‌ಬಾಕ್ಸ್ ಎಣ್ಣೆಯ ಬಿಸಿಯಂಥವು ಸಾಮಾನ್ಯ ಪಟ್ಟಿಯಲ್ಲಿ ಸಿಗುವುದಿಲ್ಲ. ಹೆಚ್ಚಾಗಿ ಮೋಡ್ 22ರಲ್ಲಿ, ಕಂಪನಿಯ ಸ್ವಂತ ಸಂಖ್ಯೆಯಲ್ಲಿ ಇರುತ್ತವೆ. ಅಂತರ್ಜಾಲದಲ್ಲಿ ಯಾರೋ ಹಾಕಿದ ಸೂತ್ರ ನಿಮ್ಮದೇ ಎಂಜಿನ್, ನಿಮ್ಮದೇ ಇಸಿಯುಗೆ ಎಂದು ಖಾತ್ರಿಯಾಗದೆ ನಂಬಬೇಡಿ. ಪರೀಕ್ಷೆಗೆ ಒಂದು ಸುಲಭ ಉಪಾಯ: ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬೆಳಿಗ್ಗೆ ಕೀ ಮಾತ್ರ ಆನ್ ಮಾಡಿ. ಕೂಲಂಟ್, ಒಳಗಾಳಿ, ಗೇರ್ ಎಣ್ಣೆ, ಹೊರಗಾಳಿ ಎಲ್ಲವೂ ಆಗ ಹೆಚ್ಚುಕಡಿಮೆ ಒಂದೇ ಡಿಗ್ರಿ ತೋರಬೇಕು. ಒಂದು ಮಾತ್ರ 60 ಎಂದರೆ ಅದರ ಸೂತ್ರ ಸುಳ್ಳು.

ಪರದೆಗೆ ಇಪ್ಪತ್ತು ಗೇಜು ತುಂಬುವ ಆಸೆ ಎಲ್ಲರಿಗೂ ಮೊದಲು ಬರುತ್ತದೆ. ಅಡಾಪ್ಟರ್ ಒಂದಾದ ಮೇಲೆ ಒಂದು ಪಿಐಡಿಯನ್ನು ಸರದಿಯಲ್ಲಿ ಕೇಳುತ್ತದೆ; ಸರದಿ ಉದ್ದವಾದಷ್ಟೂ ಪ್ರತಿಯೊಂದೂ ತಡ. ಕೆ-ಲೈನಿನ ಹಳೆಯ ಗಾಡಿಗಳಲ್ಲಿ ಇದು ಕಣ್ಣಿಗೇ ಕಾಣುತ್ತದೆ, ಆರ್‌ಪಿಎಂ ಮುಳ್ಳು ಕುಪ್ಪಳಿಸುತ್ತಾ ಹೋಗುತ್ತದೆ. ಅಲಾರಂ ಬೇಕಾದವನ್ನು ಮಾತ್ರ ಇಟ್ಟು ಉಳಿದದ್ದನ್ನು ಬೇರೆ ಪುಟಕ್ಕೆ ತಳ್ಳಿ.

ಟರ್ಬೊ ಒತ್ತಡ: ಬೆಂಗಳೂರಿಗೊಂದು, ಮಂಗಳೂರಿಗೊಂದು ಸೊನ್ನೆ

ಟರ್ಬೊ ಗಾಡಿಯವರು ಮೊದಲು ಕೇಳುವುದೇ ಬೂಸ್ಟ್ ಗೇಜು, ಅಂದರೆ ಟರ್ಬೊ ತುಂಬುವ ಹೆಚ್ಚುವರಿ ಒತ್ತಡದ ಮೀಟರು. ಇಸಿಯು ಕೊಡುವುದು ಮ್ಯಾನಿಫೋಲ್ಡಿನ (ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಯ) ಒಟ್ಟು ಒತ್ತಡ, ಅದರಲ್ಲಿ ಹೊರಗಿನ ವಾಯುಭಾರವೂ ಸೇರಿದೆ. ಬೂಸ್ಟ್ ಬೇಕಾದರೆ ಅದನ್ನು ಕಳೆಯಬೇಕು. ಎಷ್ಟೋ ಸಿದ್ಧ ಸೂತ್ರಗಳಲ್ಲಿ ಸಮುದ್ರಮಟ್ಟದ 101.3 ಕಿಲೊಪ್ಯಾಸ್ಕಲ್ ಕಳೆದಿರುತ್ತಾರೆ. ಮಂಗಳೂರಿನಲ್ಲಿ ಅದು ಸರಿ. ಬೆಂಗಳೂರು 900 ಮೀಟರಿಗೂ ಮೇಲಿದೆ, ಇಲ್ಲಿನ ವಾಯುಭಾರ ಸುಮಾರು 91. ಎಂಜಿನ್ ಎತ್ತುವ ಮೊದಲೇ ಗೇಜು −10 ತೋರಿಸುತ್ತದೆ, ಓಡುವಾಗಲೂ ಅಷ್ಟೇ ಕಡಿಮೆ ಓದುತ್ತದೆ. ಸ್ಥಿರಾಂಕ ತೆಗೆದುಹಾಕಿ ಆ ಜಾಗಕ್ಕೆ ಪಿಐಡಿ 33 ಹಾಕಿ. ಶಿರಾಡಿ ಇಳಿದರೂ ಹತ್ತಿದರೂ ಸೊನ್ನೆ ಸೊನ್ನೆಯಾಗಿಯೇ ಇರುತ್ತದೆ.

ಇನ್ನೊಂದು ಮಿತಿ ತಿಳಿದಿರಲಿ. ಮ್ಯಾನಿಫೋಲ್ಡ್ ಒತ್ತಡದ ಸಾಮಾನ್ಯ ಪಿಐಡಿ ಒಂದೇ ಬೈಟಿನದು. 255 ಕಿಲೊಪ್ಯಾಸ್ಕಲ್ ದಾಟಿ ತೋರಿಸಲಾರದು. ಅಂದರೆ ಸುಮಾರು ಒಂದೂವರೆ ಬಾರ್ ಬೂಸ್ಟಿಗೆ ಗೇಜು ತಲೆ ಮುಟ್ಟಿ ನಿಲ್ಲುತ್ತದೆ. ಈಗಿನ ಡೀಸೆಲ್‌ಗಳಲ್ಲಿ ಕೆಲವು ಅದನ್ನು ಮೀರುತ್ತವೆ. ಅಂಥಲ್ಲಿ ಈ ವೇರಿಯಬಲ್ ಮೇಲೆ ಅತಿಬೂಸ್ಟ್ ಅಲಾರಂ 260ಕ್ಕೆ ಇಟ್ಟರೆ ಅದು ಎಂದೂ ಕೂಗದು.

ಹೊರಗಿನಿಂದ ಹಾಕುವ ಸೆನ್ಸರ್

ಆಯಿಲ್ ಪ್ರೆಷರ್ ಒಬಿಡಿಯ ಸಾಮಾನ್ಯ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಮೂಲ ಮೀಟರಿನ ಕೆಂಪು ದೀಪ ಉರಿಯುವುದು ಬರೀ ಒಂದು ಸ್ವಿಚ್ಚಿನಿಂದ, ಅದೂ ಸಾಮಾನ್ಯವಾಗಿ ಒತ್ತಡ ಅರ್ಧ ಬಾರ್‌ಗಿಂತ ಕೆಳಗೆ ಬಿದ್ದ ಮೇಲೆ. 3,000 ಆರ್‌ಪಿಎಂನಲ್ಲಿ ಒತ್ತಡ ಅಲ್ಲಿಗಿಳಿದಿದ್ದರೆ ಬೇರಿಂಗುಗಳ ಕಥೆ ಆಗಲೇ ಮುಗಿದಿರುತ್ತದೆ. ಹಾಗಾಗಿ ಹೊರಗಿನಿಂದ ಒಂದೇ ಒಂದು ಸೆನ್ಸರ್ ಹಾಕುವುದಾದರೆ ಇದನ್ನೇ ಹಾಕಿ. ಟೀ ಅಡಾಪ್ಟರ್ (ಒಂದೇ ತೂತಿಗೆ ಎರಡನ್ನೂ ಸೇರಿಸುವ ಜೋಡಣೆ) ಹಾಕಿ ಮೂಲ ಸ್ವಿಚ್ಚನ್ನೂ ಉಳಿಸಿಕೊಳ್ಳಿ, ನಿಮ್ಮ ಟ್ಯಾಬ್ಲೆಟ್ ಸತ್ತ ದಿನ ಆ ಕೆಂಪು ದೀಪವಾದರೂ ಇರಲಿ.

ಮೂರು ತಂತಿಯ ಸೆನ್ಸರ್ ಕೊಳ್ಳಿ: ಒಂದು 5 ವೋಲ್ಟ್, ಒಂದು ಅರ್ಥ್, ಒಂದು ಸಿಗ್ನಲ್. ಇವುಗಳಲ್ಲಿ ಬಹುತೇಕ 0.5 ವೋಲ್ಟಿಗೆ ಸೊನ್ನೆ ಒತ್ತಡ, 4.5 ವೋಲ್ಟಿಗೆ ಪೂರ್ತಿ ಒತ್ತಡ. 100 ಪಿಎಸ್‌ಐ ಸೆನ್ಸರಾದರೆ ಸೂತ್ರ ‘(ವೋಲ್ಟ್ − 0.5) × 25’, 150 ಪಿಎಸ್‌ಐ ಆದರೆ 25ರ ಬದಲು 37.5. ಮೈಮೇಲೆ ಬರೆದ ಅಂಕಿ ನೋಡದೆ ಸೂತ್ರ ಹಾಕಿದರೆ ಒತ್ತಡ ಒಂದೂವರೆ ಪಟ್ಟು ಹೆಚ್ಚೋ ಕಡಿಮೆಯೋ ಓದುತ್ತದೆ. ಗ್ಯಾರೇಜಿನವರು ಕೆಜಿ ಲೆಕ್ಕ ಹೇಳುತ್ತಾರೆ, ಅಂದರೆ ಚದರ ಸೆಂಟಿಮೀಟರಿಗೆ ಕಿಲೊಗ್ರಾಂ. ಅದು ಬಾರ್‌ಗೆ ಹೆಚ್ಚುಕಡಿಮೆ ಸಮ. ಒಂದು ಬಾರ್ ಎಂದರೆ 14.5 ಪಿಎಸ್‌ಐ. ಪರದೆಯಲ್ಲಿ ಒಂದೇ ಏಕಮಾನ ಇಟ್ಟುಕೊಳ್ಳಿ.

ಸೊನ್ನೆ ಒತ್ತಡಕ್ಕೂ 0.5 ವೋಲ್ಟ್ ಯಾಕೆ ಇಟ್ಟಿದ್ದಾರೆ ಎಂದರೆ, ತಂತಿ ಕಡಿದುಹೋದರೆ ಗೊತ್ತಾಗಲಿ ಎಂದು. ವೋಲ್ಟೇಜು 0.25ಕ್ಕಿಂತ ಕೆಳಗೆ ಅಥವಾ 4.75ಕ್ಕಿಂತ ಮೇಲೆ ಹೋದರೆ ಅದು ಒತ್ತಡವಲ್ಲ, ಸೆನ್ಸರ್ ದೋಷ. ಅದಕ್ಕೆ ‘ಆಯಿಲ್ ಸೆನ್ಸರ್ ಕೆಟ್ಟಿದೆ’ ಎಂಬ ಬೇರೆ ಸಂದೇಶ ಇಡಿ, ಬೇರೆ ಬಣ್ಣ ಕೊಡಿ. ಹೆದ್ದಾರಿಯಲ್ಲಿ ಎಂಜಿನ್ ಆಫ್ ಮಾಡುವುದೋ, ಊರು ಸೇರಿ ವೈರಿಂಗ್ ನೋಡುವುದೋ ಎಂಬ ನಿರ್ಧಾರ ಆ ಬಣ್ಣದ ಮೇಲೆ ನಿಂತಿದೆ.

ಬಿಸಿಯ ಸೆನ್ಸರ್‌ಗಳದು ಬೇರೆ ಜಾತಿ. ಎರಡು ತಂತಿ, ಬಿಸಿಯಾದಷ್ಟೂ ಓಮ್ ಕಡಿಮೆ, ಅದೂ ನೇರ ಗೆರೆಯಲ್ಲಿ ಅಲ್ಲ. ಆದ್ದರಿಂದ ಆ್ಯಪ್ ಅಥವಾ ಇನ್‌ಪುಟ್ ಬಾಕ್ಸು (ಹೊರಗಿನ ಸೆನ್ಸರಿನ ಸಿಗ್ನಲನ್ನು ಅಂಕಿ ಮಾಡಿ ಟ್ಯಾಬ್ಲೆಟ್ಟಿಗೆ ಕಳಿಸುವ ಪೆಟ್ಟಿಗೆ) ಮೂರು ಜೊತೆ ಅಂಕಿ ಕೇಳುತ್ತದೆ: ಇಷ್ಟು ಡಿಗ್ರಿಗೆ ಇಷ್ಟು ಓಮ್. ಎಲ್ಲರೂ ಬಳಸುವ ಜಿಎಂ ಮಾದರಿಯ ಕೂಲಂಟ್ ಸೆನ್ಸರಿಗೆ ಮೆಗಾಸ್ಕ್ವರ್ಟ್‌ನವರು (ಕೈಯಾರೆ ಜೋಡಿಸಿಕೊಳ್ಳುವ ಇಸಿಯುಗಳವರು) ಹಾಕಿರುವ ಅಂಕಿ ಇವು: −40 ಡಿಗ್ರಿಗೆ 1,00,700 ಓಮ್, 30 ಡಿಗ್ರಿಗೆ 2,238, 99 ಡಿಗ್ರಿಗೆ 177. 5 ವೋಲ್ಟ್ ಮತ್ತು ಸೆನ್ಸರ್ ನಡುವೆ ಕೂರುವ ಜೊತೆಯ ರೆಸಿಸ್ಟರ್ 2,490 ಓಮ್.

ನಿಮ್ಮ ಸೆನ್ಸರಿನ ಪಟ್ಟಿ ಸಿಗದಿದ್ದರೆ ಅಡುಗೆಮನೆಯಲ್ಲೇ ಮಾಡಿಕೊಳ್ಳಬಹುದು. ಮಲ್ಟಿಮೀಟರ್ ಓಮ್‌ಗಿಟ್ಟು ಸೆನ್ಸರಿನ ಎರಡು ಕಾಲಿಗೆ ಕ್ಲಿಪ್ ಹಾಕಿ. ಕರಗುತ್ತಿರುವ ಐಸಿನ ನೀರಿನಲ್ಲಿ ಹಿತ್ತಾಳೆಯ ತುದಿಯನ್ನಷ್ಟೇ ಮುಳುಗಿಸಿ, ಅಂಕಿ ನಿಂತ ಮೇಲೆ ಬರೆದುಕೊಳ್ಳಿ. ಅದು 0 ಡಿಗ್ರಿ. ಆಮೇಲೆ ಕೋಣೆಯ ಬಿಸಿಯಲ್ಲಿ, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು. ಕೊನೆಗೆ ಕೊತಕೊತ ಕುದಿಯುವ ನೀರಿನಲ್ಲಿ, ಪಾತ್ರೆಯ ತಳ ಮುಟ್ಟದಂತೆ ತೂಗುಬಿಟ್ಟು. ಇಲ್ಲಿ 100 ಎಂದು ಬರೆದರೆ ತಪ್ಪಾಗುತ್ತದೆ. ಎತ್ತರ ಏರಿದಂತೆ, ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ, ಕುದಿಯುವ ಬಿಂದು ಇಳಿಯುತ್ತದೆ. ಬೆಂಗಳೂರಿನಲ್ಲಿ ನೀರು ಕುದಿಯುವುದು ಸುಮಾರು 97ಕ್ಕೆ, ಮಡಿಕೇರಿಯಲ್ಲಿ 96ಕ್ಕೆ. ಹಳೆಯ ಸೆನ್ಸರಾದರೆ ಆ ಪಾತ್ರೆಯನ್ನು ಮತ್ತೆ ಅಡುಗೆಗೆ ತರಬೇಡಿ.

ಅರ್ಥ್ ತಂತಿಯ ವಿಷಯದಲ್ಲಿ ಸೋಮಾರಿತನ ಬೇಡ. ಮೇಲಿನ ಜಿಎಂ ಸೆನ್ಸರ್ 5 ವೋಲ್ಟಿನ ಸರ್ಕ್ಯೂಟಿನಲ್ಲಿ 30 ಡಿಗ್ರಿಗೆ 2.37 ವೋಲ್ಟ್ ಕೊಡುತ್ತದೆ, 99 ಡಿಗ್ರಿಗೆ ಬರೀ 0.33. ಬಿಸಿಯ ತುದಿಯಲ್ಲಿ ಒಂದು ಡಿಗ್ರಿಗೆ ಹತ್ತು ಮಿಲಿವೋಲ್ಟ್ ಕೂಡ ಸಿಗುವುದಿಲ್ಲ. ಬಾಡಿಯ ಯಾವುದೋ ತುಕ್ಕುಹಿಡಿದ ಸ್ಕ್ರೂಗೆ ಅರ್ಥ್ ಕೊಟ್ಟು, ರೇಡಿಯೇಟರ್ ಫ್ಯಾನ್ ಓಡಿದಾಗ ಅಲ್ಲಿ 50 ಮಿಲಿವೋಲ್ಟ್ ಏರಿದರೆ, ಪರದೆಯಲ್ಲಿ ಬಿಸಿ ಐದಾರು ಡಿಗ್ರಿ ಕಡಿಮೆ ಕಾಣುತ್ತದೆ. ಫ್ಯಾನು ಶುರುವಾದ ಕ್ಷಣವೇ ಅಂಕಿ ದಢಕ್ಕನೆ ಇಳಿದರೆ ಫ್ಯಾನನ್ನು ಹೊಗಳಬೇಡಿ, ಅರ್ಥ್ ನೋಡಿ. ಸೆನ್ಸರಿನ ಅರ್ಥ್ ಇನ್‌ಪುಟ್ ಬಾಕ್ಸಿನ ಅರ್ಥಿಗೇ ನೇರ ಬರಬೇಕು.

ಫಿಲ್ಟರ್, ಅಂದರೆ ಅಂಕಿಯ ಕುಣಿತ ತಗ್ಗಿಸಲು ಸರಾಸರಿ ತೆಗೆಯುವ ಸೆಟ್ಟಿಂಗ್, ಬಗ್ಗೆ ಒಂದು ಮಾತು: ಪೆಟ್ರೋಲ್ ಟ್ಯಾಂಕಿನ ಅಂಕಿಗೆ ಹತ್ತು ಸೆಕೆಂಡಿನ ಸರಾಸರಿ ಇಟ್ಟರೂ ತೊಂದರೆಯಿಲ್ಲ, ತಿರುವಿನಲ್ಲಿ ಓಲಾಡುವುದು ನಿಲ್ಲುತ್ತದೆ. ಆಯಿಲ್ ಪ್ರೆಷರಿಗೆ ಮಾತ್ರ ಅರ್ಧ ಸೆಕೆಂಡಿಗಿಂತ ಹೆಚ್ಚು ಬೇಡ.

ಅಲಾರಂ

2019ರ ಜುಲೈ 1ರಿಂದ ಹೊಸ ಕಾರುಗಳಿಗೆ ವೇಗದ ಎಚ್ಚರಿಕೆ ಕಡ್ಡಾಯ. 80 ದಾಟಿದರೆ ಬಿಟ್ಟು ಬಿಟ್ಟು ಬೀಪ್, 120 ದಾಟಿದರೆ ನಿಲ್ಲದ ಬೀಪ್. ಮೈಸೂರು ಹೆದ್ದಾರಿಯಲ್ಲಿ ಪಕ್ಕದಲ್ಲಿ ಕೂತವರು ಅದನ್ನು ಕೇಳಿಸಿಕೊಳ್ಳುವುದನ್ನು ಯಾವಾಗಲೋ ಬಿಟ್ಟಿದ್ದಾರೆ. ಅದನ್ನು ಹೇಗೆ ಬಂದ್ ಮಾಡಿಸುವುದು ಎಂದು ಮೆಕ್ಯಾನಿಕ್ಕನ್ನು ಕೇಳುವವರೂ ಇದ್ದಾರೆ. ಅದರ ಗುರಿ ಒಳ್ಳೆಯದೇ. ಸಹಜ ಓಟದಲ್ಲೂ ಕೂಗುವ ಅಲಾರಂ ಮಾತ್ರ ನಿಜವಾದ ದಿನವೂ ಕಿವಿಗೆ ಬೀಳುವುದಿಲ್ಲ. ನಿಮ್ಮ ಡ್ಯಾಶ್‌ಗೆ ಮಿತಿ ಇಡುವಾಗ ಇದೊಂದು ತಲೆಯಲ್ಲಿರಲಿ.

ಅದಕ್ಕಾಗಿ ಮೊದಲ ಒಂದೆರಡು ವಾರ ಅಲಾರಂ ಇಡಲೇಬೇಡಿ, ಬರೀ ಲಾಗ್ ಮಾಡಿ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಎಸಿ ಹಾಕಿ ನಿಂತಾಗ, ಹೆದ್ದಾರಿಯಲ್ಲಿ, ನಾಲ್ಕು ಜನ ಮತ್ತು ಲಗೇಜು ಹೇರಿ ಘಾಟಿ ಹತ್ತುವಾಗ ನಿಮ್ಮ ಗಾಡಿ ಎಷ್ಟು ತೋರಿಸುತ್ತದೆ ಎಂದು ಬರೆದಿಟ್ಟುಕೊಳ್ಳಿ. ಉದಾಹರಣೆಗೆ ಹೆದ್ದಾರಿಯಲ್ಲಿ 86ರಿಂದ 92, ಟ್ರಾಫಿಕ್ಕಿನಲ್ಲಿ ಫ್ಯಾನ್ ಬಂದು ಹೋಗುತ್ತಾ 99, ಚಾರ್ಮಾಡಿ ಹತ್ತುವಾಗ 101 ಬಂತು ಎಂದುಕೊಳ್ಳೋಣ. ಎಚ್ಚರಿಕೆಯನ್ನು 105ಕ್ಕೆ, ಐದು ಸೆಕೆಂಡ್ ಅಲ್ಲೇ ನಿಂತರೆ ಎಂದು ಇಡಿ. ಅಪಾಯವನ್ನು 110ಕ್ಕೆ, ಕಾಯದೆ. ಒಂದು ಬಾರ್ ಹೆಚ್ಚುವರಿ ಒತ್ತಡದಲ್ಲಿ ಬರೀ ನೀರು 120ಕ್ಕೆ ಕುದಿಯುತ್ತದೆ, ಕೂಲಂಟ್ ಬೆರೆಸಿದ್ದರೆ ಇನ್ನೂ ಮೇಲೆ. ಆದರೆ ಆ ಲೆಕ್ಕ ರೇಡಿಯೇಟರ್ ಮುಚ್ಚಳದ ರಬ್ಬರ್ ಒತ್ತಡ ಹಿಡಿದಿದ್ದರೆ ಮಾತ್ರ. ಬೇರೆಯವರ ಗಾಡಿಯ ಅಂಕಿ ತಂದು ಹಾಕಬೇಡಿ.

ಅಲಾರಂ ಏರುವ ಮಟ್ಟದಂತೆ ಆರುವ ಮಟ್ಟವೂ ಬೇಕು. 105ಕ್ಕೆ ಶುರುವಾದದ್ದು 104.9ಕ್ಕೆ ನಿಂತರೆ ಮುಂದಿನ ಹತ್ತು ನಿಮಿಷ ಕಿರಿಕಿರಿ. 101ಕ್ಕೆ ಇಳಿದ ಮೇಲೆ ಆರಲಿ.

ಆಯಿಲ್ ಪ್ರೆಷರಿಗೆ ಒಂದೇ ಮಿತಿ ಇಟ್ಟರೆ ಪ್ರಯೋಜನವಿಲ್ಲ. ಬಿಸಿ ಎಂಜಿನ್ ಐಡ್ಲಿಂಗಿನಲ್ಲಿ 1 ಬಾರ್ ತೋರಿಸುವುದು ಸಹಜ; 3,000 ಆರ್‌ಪಿಎಂನಲ್ಲಿ ಅದೇ 1 ಬಾರ್ ಎಂದರೆ ಅನಾಹುತ. ಸಾವಿರ ಆರ್‌ಪಿಎಂಗೆ 10 ಪಿಎಸ್‌ಐ ಇರಬೇಕು ಎಂಬ ಹಳೆಯ ಗ್ಯಾರೇಜು ಲೆಕ್ಕ ಶುರುವಿಗೆ ಸಾಕು, ಆಮೇಲೆ ನಿಮ್ಮ ಎಂಜಿನ್ನಿನ ಸರ್ವಿಸ್ ಪುಸ್ತಕದ ಅಂಕಿ ಹಾಕಿ. ಬಹುತೇಕ ಆ್ಯಪ್‌ಗಳಲ್ಲಿ ಎರಡು ಷರತ್ತು ಜೋಡಿಸಲು ಬರುತ್ತದೆ:

- ಆರ್‌ಪಿಎಂ 600 ದಾಟಿ 4 ಸೆಕೆಂಡ್ ಆಗಿದೆ, ಒತ್ತಡ 0.6 ಬಾರ್‌ಗಿಂತ ಕಡಿಮೆ: ಅಪಾಯ.
- ಆರ್‌ಪಿಎಂ 1,500 ಮೇಲೆ, ಒತ್ತಡ 1.2ಕ್ಕಿಂತ ಕಡಿಮೆ: ಅಪಾಯ.
- ಆರ್‌ಪಿಎಂ 2,500 ಮೇಲೆ, ಒತ್ತಡ 2ಕ್ಕಿಂತ ಕಡಿಮೆ: ಅಪಾಯ.

ಮೊದಲ ಸಾಲಿನ 4 ಸೆಕೆಂಡ್ ಯಾಕೆಂದರೆ, ಎಂಜಿನ್ ಎತ್ತಿದ ಕೂಡಲೇ ಎಣ್ಣೆ ಮೇಲೇರಲು ಸಮಯ ಬೇಕು. ಆರ್‌ಪಿಎಂ ಷರತ್ತು ಇರುವುದರಿಂದ ಕೀ ಮಾತ್ರ ಆನ್ ಮಾಡಿ ಹಾಡು ಕೇಳುತ್ತಾ ಕೂತಾಗ ಕೂಗುವುದಿಲ್ಲ. ಇಲ್ಲಿ ‘ಎಚ್ಚರಿಕೆ’ ಎಂಬ ನಡುಮೆಟ್ಟಿಲು ನಾನು ಇಡುವುದಿಲ್ಲ. ಎಣ್ಣೆಯ ಒತ್ತಡಕ್ಕೆ ಹಳದಿ ಬಣ್ಣವಿಲ್ಲ.

ವೋಲ್ಟೇಜಿಗೂ ಇದೇ ಬುದ್ಧಿ. ಸ್ಟಾರ್ಟ್ ಮಾಡುವಾಗ ಬ್ಯಾಟರಿ 10ರ ಸುತ್ತ ಇಳಿಯುವುದು ಮಾಮೂಲು. ಆರ್‌ಪಿಎಂ 1,000 ಮೇಲಿದ್ದು ಹತ್ತು ಸೆಕೆಂಡ್ 13ಕ್ಕಿಂತ ಕೆಳಗಿದ್ದರೆ ಹೇಳಲಿ. ಹೊಸ ಕಾರುಗಳಲ್ಲಿ ಇಂಧನ ಉಳಿಸಲು ಇಸಿಯುವೇ ಆಲ್ಟರ್ನೇಟರ್ ಹೊರೆ ಇಳಿಸುವುದುಂಟು. ಅಂಥ ಗಾಡಿಯ ಲಾಗ್ ನೋಡಿ ಮಿತಿಯನ್ನು 12.2ರ ಆಸುಪಾಸಿಗೆ ತನ್ನಿ, ಕಾಯುವ ಸಮಯ ಒಂದು ನಿಮಿಷ ಮಾಡಿ.

ನೀರೇ ಇಲ್ಲದಾಗ ಬಿಸಿ ಕಡಿಮೆ ಕಾಣುತ್ತದೆ

ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಅತಿಬಿಸಿಗೆ ಸಿಲಿಂಡರ್ ಹೆಡ್ (ಎಂಜಿನ್ನಿನ ಮೇಲ್ಭಾಗದ ಲೋಹದ ಮುಚ್ಚಳ) ಬಾಗಿದ ಎಂಜಿನ್ನುಗಳಲ್ಲಿ ಎಷ್ಟೋ ಪಾಲು ಈ ದಾರಿಯಲ್ಲಿ ಹೋದವೇ. ಘಾಟಿಯ ನಡುವೆ ಹೋಸ್ ಪೈಪು ಒಡೆದು ಕೂಲಂಟೆಲ್ಲ ರಸ್ತೆ ಪಾಲಾಯಿತು. ಕೂಲಂಟ್ ಸೆನ್ಸರ್ ದ್ರವದಲ್ಲಿ ಮುಳುಗಿದ್ದರೆ ಮಾತ್ರ ನಿಜ ಹೇಳುತ್ತದೆ. ಈಗ ಅದರ ಸುತ್ತ ಖಾಲಿ ಗಾಳಿ, ಹಬೆ. ಅಂಕಿ 95ರಿಂದ 88, 80 ಎಂದು ಇಳಿಯುತ್ತಾ ಹೋಗಬಹುದು. ಪರದೆ ಹಸಿರು, ಎಂಜಿನ್ ಬೆಂಕಿ. 105ರ ಅಲಾರಂ ಇಲ್ಲಿ ಕೆಲಸಕ್ಕೆ ಬಾರದು.

ಮೂರು ಬಗೆಯಲ್ಲಿ ಇದನ್ನು ಹಿಡಿಯಬಹುದು. ಆ್ಯಪ್‌ನಲ್ಲಿ ಬದಲಾವಣೆಯ ವೇಗ ಲೆಕ್ಕ ಹಾಕುವ ಸೌಲಭ್ಯ ಇದ್ದರೆ, ಎಂಜಿನ್ 85 ದಾಟಿದ ಮೇಲೆ ಒಂದು ನಿಮಿಷದಲ್ಲಿ 15 ಡಿಗ್ರಿ ಇಳಿದರೆ ಕೂಗುವಂತೆ ಇಡಿ. ಉದ್ದ ಇಳಿಜಾರಿನಲ್ಲಿ ಸುಳ್ಳು ಕೂಗು ಬರದಂತೆ ಎಂಜಿನ್ ಹೊರೆ 40 ಶೇಕಡ ಮೇಲಿರಬೇಕೆಂಬ ಷರತ್ತು ಸೇರಿಸಿ. ಎರಡನೆಯದು, ಕೂಲಂಟ್ ಡಬ್ಬಿಗೆ ಮಟ್ಟ ನೋಡುವ ಫ್ಲೋಟ್ ಸ್ವಿಚ್. ಡಬ್ಬಿ ಕುಲುಕುತ್ತದಾದ್ದರಿಂದ ಹತ್ತು ಸೆಕೆಂಡ್ ವಿಳಂಬ ಕೊಡಿ. ಮೂರನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ನಂಬಿಕೆಯದು, ಲೋಹದ ಬಿಸಿಯನ್ನೇ ಅಳೆಯುವ ರಿಂಗ್ ಮಾದರಿಯ ಸೆನ್ಸರನ್ನು ಸಿಲಿಂಡರ್ ಹೆಡ್ ಮೇಲೆ ಕೂರಿಸುವುದು. ಬ್ರಾಕೆಟ್ ಹಿಡಿದಿರುವ ಸಣ್ಣ ಬೋಲ್ಟಿನಡಿ ಅದನ್ನು ಸೇರಿಸಿ. ಹೆಡ್ ಬಿಗಿದಿರುವ ದೊಡ್ಡ ಬೋಲ್ಟುಗಳನ್ನು ಮುಟ್ಟಲೇಬೇಡಿ. ನೀರಿರಲಿ ಬಿಡಲಿ, ಲೋಹ ಬಿಸಿಯಾದರೆ ಇದು ಹೇಳುತ್ತದೆ.

ಏನು ಹೇಳಬೇಕು

ಬೀಪ್ ಕೇಳಿ ಪರದೆಯಲ್ಲಿ ಹುಡುಕುವಷ್ಟರಲ್ಲಿ ಮುಂದಿನ ಹೇರ್‌ಪಿನ್ ಬಂದಿರುತ್ತದೆ. ಮಾತಿನ ಅಲಾರಂ ಇಡಿ. ಆಂಡ್ರಾಯ್ಡಿನ ಗೂಗಲ್ ಧ್ವನಿ ಕನ್ನಡ ಓದುತ್ತದೆ. ಆ್ಯಪ್‌ನಲ್ಲಿ ಆಡಿಯೊ ಫೈಲ್ ಹಾಕಲು ಬಂದರೆ ಮನೆಯವರ ದನಿಯಲ್ಲೇ ರೆಕಾರ್ಡ್ ಮಾಡಿ. ಮಾತಿನಲ್ಲಿ ಅಂಕಿಗಿಂತ ಮಾಡಬೇಕಾದ ಕೆಲಸ ಇರಲಿ. ‘ಬಿಸಿ ಜಾಸ್ತಿ, ಎಸಿ ಆಫ್ ಮಾಡಿ.’ ‘ಆಯಿಲ್ ಇಲ್ಲ, ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ.’

ಎರಡಕ್ಕೂ ಮದ್ದು ಬೇರೆ. ಬಿಸಿ ಏರುತ್ತಿದ್ದು ಕೂಲಂಟ್ ಇನ್ನೂ ಇದ್ದರೆ ಎಸಿ ನಿಲ್ಲಿಸಿ, ಹೀಟರ್ ಪೂರ್ತಿ ತಿರುಗಿಸಿ, ಜಾಗ ನೋಡಿ ನಿಂತು ಎಂಜಿನ್ ಐಡ್ಲಿಂಗಿನಲ್ಲಿ ಬಿಟ್ಟರೆ ಪಂಪು, ಫ್ಯಾನು ಬಿಸಿ ಎಳೆಯುತ್ತವೆ. ಆಗಲೂ ಇಳಿಯದಿದ್ದರೆ ಆಫ್ ಮಾಡಿ. ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬೇಡಿ. ಕೂಲಂಟ್ ಸೋರಿಹೋಗಿದ್ದರೆ, ಅಥವಾ ಆಯಿಲ್ ಪ್ರೆಷರ್ ಬಿದ್ದಿದ್ದರೆ, ಸುರಕ್ಷಿತವಾಗಿ ಪಕ್ಕಕ್ಕೆ ಬಂದ ಕೂಡಲೇ ಆಫ್.

ಇಂಥ ಮಾತಿನ ಅಲಾರಂ ಮೂರು ನಾಲ್ಕಕ್ಕೆ ಮೀರದಿರಲಿ. ಉಳಿದವಕ್ಕೆ ಬಣ್ಣ ಬದಲಾದರೆ ಸಾಕು.

ಪರೀಕ್ಷೆ

ಕೂಗಿಸಿ ನೋಡದ ಅಲಾರಂ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಒಬಿಡಿ ವೇರಿಯಬಲ್ ಆದರೆ ಮಿತಿಯನ್ನು ತಾತ್ಕಾಲಿಕವಾಗಿ 60 ಡಿಗ್ರಿಗೆ ಇಳಿಸಿ, ಮನೆ ಮುಂದೆ ಎಂಜಿನ್ ಓಡಿಸಿ, ಕೂಗಿದ ಮೇಲೆ ಹಿಂದಿನ ಅಂಕಿಗೆ ತನ್ನಿ. ಹೊರಗಿನ ಬಿಸಿಯ ಸೆನ್ಸರಾದರೆ ಕನೆಕ್ಟರ್ ಕಿತ್ತು ಅದರ ಜಾಗದಲ್ಲಿ ಒಂದು ಕಿಲೊ-ಓಮಿನ ಪೊಟೆನ್ಶಿಯೊಮೀಟರ್ (ತಿರುಗಿಸಿ ಓಮ್ ಬದಲಿಸುವ ರೆಸಿಸ್ಟರ್) ಸಿಕ್ಕಿಸಿ ನಿಧಾನ ತಿರುಗಿಸಿ. ಎಂಜಿನ್ ತಣ್ಣಗಿದ್ದರೂ ಪರದೆಯ ಅಂಕಿ 60, 90, 110 ಎಂದು ಏರುತ್ತಾ ಹೋಗಿ ಒಂದೊಂದೇ ಅಲಾರಂ ಏಳುತ್ತದೆ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಈ ಪೊಟೆನ್ಶಿಯೊಮೀಟರ್ ಚಿಲ್ಲರೆ ಕಾಸಿಗೆ ಸಿಗುತ್ತದೆ. ಆಯಿಲ್ ಸೆನ್ಸರಿನ ಕನೆಕ್ಟರ್ ಕಿತ್ತರೆ ‘ಸೆನ್ಸರ್ ಕೆಟ್ಟಿದೆ’ ಎಂದೇ ಬರಬೇಕು, ‘ಆಯಿಲ್ ಇಲ್ಲ’ ಎಂದಲ್ಲ.

ಇನ್ನೊಂದು ಪರೀಕ್ಷೆಯನ್ನು ಹೆಚ್ಚಿನವರು ಮಾಡುವುದೇ ಇಲ್ಲ. ಗಾಡಿ ನಿಲ್ಲಿಸಿಕೊಂಡು, ಎಂಜಿನ್ ಓಡುತ್ತಿರುವಾಗ ಒಬಿಡಿ ಅಡಾಪ್ಟರನ್ನು ಕಿತ್ತುಬಿಡಿ. ಗೇಜು ಖಾಲಿಯಾಗಬೇಕು ಅಥವಾ ಬೂದುಬಣ್ಣಕ್ಕೆ ತಿರುಗಬೇಕು. ಕೆಲವು ವಿನ್ಯಾಸಗಳಲ್ಲಿ ಕೊನೆಗೆ ಬಂದ 91 ಡಿಗ್ರಿ ಹಾಗೇ ನಿಂತುಬಿಡುತ್ತದೆ, ಬ್ಲೂಟೂತ್ ಸತ್ತು ಅರ್ಧ ಗಂಟೆಯಾದರೂ 91. ಸೆಟ್ಟಿಂಗಿನಲ್ಲಿ ‘ಡೇಟಾ ಬರದಿದ್ದರೆ’ ಎಂಬ ಆಯ್ಕೆ ಹುಡುಕಿ ಮೂರು ಸೆಕೆಂಡಿಗೆ ಇಡಿ. ಅಂಥ ಆಯ್ಕೆ ಇಲ್ಲದ ಆ್ಯಪ್ ಆದರೆ ಪರದೆಯ ಮೂಲೆಯಲ್ಲಿ ಆರ್‌ಪಿಎಂ ಅಂಕಿ ಇಟ್ಟುಕೊಳ್ಳಿ. ಅದು ಕುಣಿಯುವುದು ನಿಂತರೆ ಉಳಿದದ್ದೂ ನಿಂತಿದೆ ಎಂದೇ ಲೆಕ್ಕ.

ಎಲ್ಲ ಸರಿಹೋದ ಮೇಲೆ ಸೆಟ್ಟಿಂಗ್ ಫೈಲನ್ನು ಎಕ್ಸ್‌ಪೋರ್ಟ್ ಮಾಡಿ ನಿಮಗೇ ಮೇಲ್ ಮಾಡಿಕೊಳ್ಳಿ. ಸೂತ್ರಗಳನ್ನೂ ಮಿತಿಗಳನ್ನೂ ಒಂದು ಹಾಳೆಯಲ್ಲಿ ಬರೆದು ಸರ್ವಿಸ್ ಪುಸ್ತಕದೊಳಗೆ ಇಡಿ, ಮುಂದೆ ಗಾಡಿ ಬಿಚ್ಚುವ ಮೆಕ್ಯಾನಿಕ್ಕಿಗೂ ಯಾವ ತಂತಿ ಯಾಕಿದೆ ಎಂದು ತಿಳಿಯುತ್ತದೆ. ಥರ್ಮೋಸ್ಟಾಟ್, ರೇಡಿಯೇಟರ್ ಅಥವಾ ಆಯಿಲ್ ದರ್ಜೆ ಬದಲಿಸಿದಾಗ ಮತ್ತೆ ಒಂದು ವಾರ ಲಾಗ್ ಮಾಡಿ ಮಿತಿಗಳನ್ನು ಹೊಸದಾಗಿ ಇಡಿ.